ಕಾಫಿಗೆ ವಿನಾಯಿತಿ, ಬಿಲ್ಲು ಯಾರಿಗೆ?

ಅಮೆರಿಕದಲ್ಲಿ 2026 ಮಧ್ಯಾವಧಿ ಚುನಾವಣೆಯ ವರ್ಷ. ಅಲ್ಲಿನ ಬಲಪಂಥೀಯರ ತೆರಿಗೆ ರಾಜಕಾರಣಕ್ಕೂ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ.

1978ರ ನವೆಂಬರ್ ಮೊದಲ ವಾರ ದೇಶದ ಕಣ್ಣೆಲ್ಲ ಚಿಕ್ಕಮಗಳೂರಿನ ಮೇಲಿತ್ತು. ಮೂಡಿಗೆರೆ ತಾಲ್ಲೂಕು ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಲೋಕಸಭಾ ಕ್ಷೇತ್ರದಲ್ಲಿ ಇಂದಿರಾ ಗಾಂಧಿ ಕಣಕ್ಕಿಳಿದಿದ್ದರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ತುರ್ತು ಪರಿಸ್ಥಿತಿಯ ನಂತರ ರಾಯ್‌ಬರೇಲಿಯಲ್ಲಿ ಸೋತು ಕೂತಿದ್ದ ನಾಯಕಿಯನ್ನು ಮಲೆನಾಡಿನ ಮತದಾರರು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿ ದೆಹಲಿಗೆ ಕಳಿಸಿದರು.

ಅದೇ ವಾರ, ನವೆಂಬರ್ 7ರಂದು, ಅಮೆರಿಕದಲ್ಲೂ ಮತದಾನ ನಡೆದಿತ್ತು. ಅಲ್ಲಿನ ಮಧ್ಯಾವಧಿ ಚುನಾವಣೆಗೆ ರಿಪಬ್ಲಿಕನ್ ಪಕ್ಷ ಊರೂರು ತಿರುಗಿ ಒಂದೇ ಮಾತು ಹೇಳುತ್ತಿತ್ತು: ನಮ್ಮನ್ನು ಗೆಲ್ಲಿಸಿ, ಮೂರು ವರ್ಷದಲ್ಲಿ ಆದಾಯ ತೆರಿಗೆಯನ್ನು ಶೇ 30ರಷ್ಟು ಇಳಿಸುತ್ತೇವೆ. ಸಂಸದ ಜಾಕ್ ಕೆಂಪ್ ಮತ್ತು ಸೆನೆಟರ್ ವಿಲಿಯಂ ರಾತ್ ಅವರ ಹೆಸರಿನ ಮಸೂದೆ ಅದು. ಆ ವರ್ಷ ಪಕ್ಷಕ್ಕೆ ಬಹುಮತವೇನೂ ಸಿಗಲಿಲ್ಲ. ಆದರೆ ಅಲ್ಲಿನ ಬಲಪಂಥ ಮುಂದಿನ ಸುಮಾರು ಐವತ್ತು ವರ್ಷ ಬಿಡದೆ ಹಿಡಿದ ದಾರಿ ಅಲ್ಲಿ ಸಿಕ್ಕಿತು.

ಈ ಎರಡು ಚುನಾವಣೆಗಳಿಗೆ ನೇರ ಸಂಬಂಧವಿಲ್ಲ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಚುನಾವಣೆಯ ವರ್ಷದಲ್ಲಿ ಯಾವ ತೆರಿಗೆಯೂ ಪೂರ್ತಿ ಹೋಗುವುದಿಲ್ಲ, ಕಣ್ಣಿಗೆ ಬೀಳುವ ಕಡೆಯಿಂದ ಬೀಳದ ಕಡೆಗೆ ಜಾಗ ಬದಲಿಸುತ್ತದೆ. ವಿನಾಯಿತಿ ಕೊಟ್ಟವರಿಗೆ ಮತ ಸಿಗುತ್ತದೆ, ಬಿಲ್ಲು ಇನ್ಯಾರದೋ ಮನೆಗೆ ಹೋಗುತ್ತದೆ. ಅಮೆರಿಕದ ಬಲಪಂಥೀಯರು ಇದನ್ನು ಶಾಸ್ತ್ರವನ್ನಾಗಿ ಮಾಡಿದರು. ನಮ್ಮಲ್ಲಿ ಎಲ್ಲ ಪಕ್ಷಗಳೂ ಶಾಸ್ತ್ರ ಓದದೆಯೇ ಇದನ್ನು ಕಲಿತಿವೆ. ಕಾಫಿ ಈ ಎರಡೂ ಕಥೆಗಳ ನಡುವೆ ಹಾದುಹೋಗುತ್ತದೆ.

ಒಂದೇ ತೋಟ, ಹಲವು ವೇಷ

ದೇವರಾಜ ಅರಸು ಸರ್ಕಾರ 1974ರಲ್ಲಿ ಭೂ ಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿ ಗೇಣಿ ಮಾಡುವವನನ್ನೇ ಒಡೆಯನನ್ನಾಗಿಸಿತು. ಮಲೆನಾಡಿನ ಗದ್ದೆಗಳಲ್ಲಿ ಅದು ಮಾಡಿದ ಬದಲಾವಣೆ ಸಣ್ಣದಲ್ಲ. ಆದರೆ ಗದ್ದೆಯ ಏರಿ ದಾಟಿ ಗುಡ್ಡ ಹತ್ತಿದರೆ ಕಾನೂನು ಬೇರೆ. ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರ್ ಬೆಳೆಯುವ ಜಮೀನು ‘ಪ್ಲಾಂಟೇಶನ್’ ಎಂಬ ಹೆಸರಿನಲ್ಲಿ ಭೂಮಿತಿಯಿಂದ ಹೊರಗುಳಿಯಿತು. ಅಡಿಕೆಗೆ ಆ ಭಾಗ್ಯ ಸಿಗಲಿಲ್ಲ. ಹೀಗಾಗಿ ಒಂದೇ ಕ್ಷೇತ್ರದಲ್ಲಿ ಭೂಮಿ ಪಡೆದ ಗೇಣಿದಾರರೂ ಇದ್ದರು, ಭೂಮಿ ಕಳೆದುಕೊಳ್ಳದ ಎಸ್ಟೇಟ್ ಮಾಲೀಕರೂ ಇದ್ದರು. ಇಂದಿರಾ ಗಾಂಧಿಯವರಿಗೆ ಸುರಕ್ಷಿತ ಕ್ಷೇತ್ರ ಹುಡುಕುವಾಗ ಅರಸು ಹಾಕಿದ ಲೆಕ್ಕದಲ್ಲಿ ಹಿಂದುಳಿದವರು, ದಲಿತರು, ಲೈನ್ ಮನೆಗಳ ಕೂಲಿಕಾರರು ಮುಂದಿದ್ದರು ನಿಜ. ಆದರೆ ತೋಟದವರನ್ನು ಪೂರ್ತಿ ಎದುರು ಹಾಕಿಕೊಳ್ಳದ ಕಾನೂನು ಆಗಲೇ ಇತ್ತು ಎಂಬುದನ್ನೂ ಆ ಗೆಲುವಿನ ಲೆಕ್ಕಕ್ಕೆ ಸೇರಿಸಬೇಕು.

ಭೂಮಿತಿಯಿಂದ ಪಾರಾದ ತೋಟ ತೆರಿಗೆಯಿಂದ ಪಾರಾಗಿರಲಿಲ್ಲ. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ಕೇಂದ್ರಕ್ಕೆ ಕೊಟ್ಟಿಲ್ಲ, ರಾಜ್ಯಗಳಿಗೆ ಕೊಟ್ಟಿದೆ. 1886ರಲ್ಲಿ ಬ್ರಿಟಿಷರ ಆದಾಯ ತೆರಿಗೆ ಕಾಯ್ದೆ ಕೃಷಿಯನ್ನು ಹೊರಗಿಟ್ಟಾಗ ಬಿದ್ದ ಗೆರೆ ಅದು. ಮೈಸೂರು ರಾಜ್ಯ ಆ ಅಧಿಕಾರ ಬಳಸಿಕೊಂಡು 1955ರಲ್ಲಿ, ಏಕೀಕರಣದ ನಂತರ ಮತ್ತೆ 1957ರಲ್ಲಿ, ಕೃಷಿ ಆದಾಯ ತೆರಿಗೆ ಕಾಯ್ದೆ ತಂದಿತು. ಅದರ ಮುಖ್ಯ ಗುರಿ ತೋಟದ ಬೆಳೆಗಳೇ. ರಾಗಿ, ಭತ್ತದವರನ್ನು ಮುಟ್ಟಿದರೆ ಸರ್ಕಾರ ಉಳಿಯುವುದಿಲ್ಲ, ಕಾಫಿಯವರು ಎಣಿಕೆಗೆ ಸಿಗುವಷ್ಟೇ ಜನ. ಆ ಕಾಲದ ಬೆಳೆಗಾರರ ಮನೆಗಳಲ್ಲಿ ‘ಎ.ಐ.ಟಿ.’ ಎಂಬ ಮೂರಕ್ಷರ ಮಳೆಯಷ್ಟೇ ಮಾಮೂಲಿ ಮಾತಾಗಿತ್ತು.

ಅದರ ಮೇಲೆ ಸಂಪತ್ತು ತೆರಿಗೆ. ಕೃಷಿ ಆಸ್ತಿಯನ್ನೂ ಸಂಪತ್ತು ತೆರಿಗೆಯ ವ್ಯಾಪ್ತಿಗೆ ತಂದದ್ದು 1969ರ ಬಜೆಟ್. ಅದನ್ನು ಮಂಡಿಸಿದ ಹಣಕಾಸು ಸಚಿವರು ಮೊರಾರ್ಜಿ ದೇಸಾಯಿ. ಕೇಂದ್ರಕ್ಕೆ ಆ ಅಧಿಕಾರ ಇದೆ ಎಂದು 1971ರಲ್ಲಿ ಸುಪ್ರೀಂ ಕೋರ್ಟ್ ಧಿಲ್ಲೋನ್ ಪ್ರಕರಣದಲ್ಲಿ ಒಪ್ಪಿತು. 1978ರಲ್ಲಿ ವೀರೇಂದ್ರ ಪಾಟೀಲರ ಪರ ಮತ ಕೇಳುತ್ತಿದ್ದ ಜನತಾ ಸರ್ಕಾರದ ಪ್ರಧಾನಿ ಅದೇ ಮೊರಾರ್ಜಿ. ಇಂದಿರಾ ಮರಳಿ ಅಧಿಕಾರಕ್ಕೆ ಬಂದ ಮೇಲೆ, 1980ರ ದಶಕದ ಆರಂಭದಲ್ಲಿ, ಮೊದಲು ಉಳಿದ ಕೃಷಿ ಭೂಮಿಗೆ, ಆಮೇಲೆ ಕಾಫಿ, ಟೀ ತೋಟಗಳಿಗೂ ಸಂಪತ್ತು ತೆರಿಗೆಯಿಂದ ಬಿಡುಗಡೆ ಸಿಕ್ಕಿತು. ಸಂಪ್ರದಾಯವಾದಿ ಎನಿಸಿಕೊಂಡವರು ಹಾಕಿದ ತೆರಿಗೆಯನ್ನು ‘ಗರೀಬಿ ಹಟಾವೊ’ ಎಂದವರು ತೆಗೆದರು. ಎಡ–ಬಲಗಳ ಹಣೆಪಟ್ಟಿ ಹಿಡಿದು ನಮ್ಮ ತೆರಿಗೆ ಇತಿಹಾಸ ಓದಲು ಹೊರಟರೆ ದಾರಿ ತಪ್ಪುತ್ತದೆ.

ಬ್ಯಾಂಕಿನ ಬಾಗಿಲಲ್ಲಿ ಅದೇ ತೋಟಕ್ಕೆ ಇನ್ನೊಂದು ವೇಷ. ಸಾಲ ವಸೂಲಿಗಾಗಿ 2002ರಲ್ಲಿ ಬಂದ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ ಎಂದು ಆ ಕಾಯ್ದೆಯೇ ಹೇಳುತ್ತದೆ. ಆದರೂ ಕಾಫಿ ವಾಣಿಜ್ಯ ಬೆಳೆ ಎಂಬ ವಾದ ಮುಂದಿಟ್ಟು ತೋಟಗಳ ಹರಾಜಿಗೆ ನೋಟಿಸ್ ಬರುತ್ತದೆ. ಬೆಳೆಗಾರರ ಸಂಘಟನೆಗಳು ವರ್ಷಗಳಿಂದ ಬೀದಿಗಿಳಿದಿರುವುದು ಇದೇ ಕಾರಣಕ್ಕೆ. ಆದಾಯ ತೆರಿಗೆಯವರಿಗೆ ಕೃಷಿ, ಭೂಮಿತಿಯವರಿಗೆ ಪ್ಲಾಂಟೇಶನ್, ಬ್ಯಾಂಕಿಗೆ ವ್ಯಾಪಾರ. ತೋಟ ಅಲ್ಲೇ ಇದೆ, ಸಿಲ್ವರ್ ಓಕ್ ನೆರಳೂ ಅದೇ, ಮೆಣಸಿನ ಬಳ್ಳಿಯೂ ಅದೇ.

ಕಣದಿಂದ ಕ್ಯೂರಿಂಗ್‌ವರೆಗೆ

ಕೃಷಿ ಎಲ್ಲಿ ಮುಗಿಯುತ್ತದೆ, ವ್ಯಾಪಾರ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಗೆ ತೆರಿಗೆ ಇಲಾಖೆ ಕೊಟ್ಟ ಉತ್ತರ ನೋಡಬೇಕೆಂದರೆ ಜನವರಿಯಲ್ಲಿ ಯಾವುದಾದರೂ ತೋಟದ ಕಣಕ್ಕೆ ಹೋಗಬೇಕು. ಕೊಯ್ದ ಹಣ್ಣನ್ನು ಹಾಗೇ ಒಣಗಿಸಿದರೆ ಚೆರ್ರಿ. ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಬಹುಪಾಲು ಬೆಳೆಗಾರರು ಕಣದಲ್ಲೇ 50 ಕೆ.ಜಿ. ಮೂಟೆ ತೂಗಿಸಿ, ಔಟ್‌ಟರ್ನ್ (ಎಷ್ಟು ಬೀಜ ಸಿಗುತ್ತದೆಂಬ ಪ್ರಮಾಣ) ನೋಡಿಸಿ, ವ್ಯಾಪಾರಿಗೆ ಕೊಟ್ಟುಬಿಡುತ್ತಾರೆ. ಅಲ್ಲಿಯವರೆಗೂ ಬಂದ ದುಡ್ಡೆಲ್ಲ ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಅದನ್ನು ಮುಟ್ಟುವುದಿಲ್ಲ.

ಅದೇ ಬೆಳೆಗಾರ ತನ್ನ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ, ಹೊಟ್ಟು ತೆಗೆಸಿ, ದರ್ಜೆಯಾಗಿ ಬೇರ್ಪಡಿಸಿ ಮಾರಿದರೆ? 2002ರಿಂದ ಜಾರಿಯಾದ 7ಬಿ ನಿಯಮದ ಪ್ರಕಾರ ಆ ಆದಾಯದ ಶೇ 25 ವ್ಯಾಪಾರದ ಲಾಭ, ತೆರಿಗೆಗೆ ಒಳಪಡುವಂಥದ್ದು. ಇನ್ನೂ ಮುಂದೆ ಹೋಗಿ ಹುರಿದು, ಪುಡಿ ಮಾಡಿ, ಚಿಕೋರಿ ಬೆರೆಸಿಯೋ ಬೆರೆಸದೆಯೋ ಮಾರಿದರೆ ಶೇ 40. ಒಂದೊಂದು ಯಂತ್ರ ದಾಟಿದಂತೆ ಕೃಷಿಕ ಒಂದಷ್ಟು ವ್ಯಾಪಾರಿಯಾಗುತ್ತಾನೆ. ತೋಟದ ಮನೆಯ ಎರಡು ಕೋಣೆಯನ್ನು ಹೋಂ ಸ್ಟೇ ಮಾಡಿದರೆ ಆ ವರಮಾನ ಕೃಷಿಯಲ್ಲ. ಆಗ ಸುಮ್ಮನಿದ್ದ ಕೃಷಿ ಆದಾಯವೂ ಲೆಕ್ಕಕ್ಕೆ ಬರುತ್ತದೆ: ತೆರಿಗೆ ಅದರ ಮೇಲೆ ಬೀಳದಿದ್ದರೂ ಉಳಿದ ಆದಾಯಕ್ಕೆ ಎಷ್ಟು ದರ ಎಂದು ನಿರ್ಧರಿಸುವಾಗ ಅದನ್ನು ಕೂಡಿಸಿಕೊಳ್ಳುತ್ತಾರೆ. ಕೆ.ಎನ್. ರಾಜ್ ಸಮಿತಿ 1972ರಲ್ಲಿ ಕೃಷಿ ತೆರಿಗೆಯ ಬಗ್ಗೆ ಕೊಟ್ಟ ವರದಿಯಿಂದ ಜಾರಿಗೆ ಬಂದದ್ದು ಹೆಚ್ಚುಕಡಿಮೆ ಇಷ್ಟೇ. ದೊಡ್ಡ ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಹಾಕಬೇಕೆಂಬ ಅದರ ಮುಖ್ಯ ಸಲಹೆಯನ್ನು ಯಾವ ಪಕ್ಷವೂ ಕೈಯಲ್ಲಿ ಹಿಡಿದು ಮತ ಕೇಳಲು ಹೋಗಲಿಲ್ಲ.

ಕಾಣದ ತೆರಿಗೆ ಮಾತ್ರ ನಡೆದೇ ಇತ್ತು. 1942ರ ಕಾಫಿ ಕಾಯ್ದೆಯಡಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು. ಮಂಡಳಿ ಮಾರಿ, ಖರ್ಚು ಕಳೆದು, ಕಂತು ಕಂತಾಗಿ ಬೆಳೆಗಾರನಿಗೆ ಹಣ ಕೊಡುತ್ತಿತ್ತು. ಈ ಒಪ್ಪಿಸುವಿಕೆಯನ್ನು ‘ಮಾರಾಟ’ ಎಂದು ಪರಿಗಣಿಸಿ ರಾಜ್ಯ ಸರ್ಕಾರ ಮಂಡಳಿಯಿಂದ ಖರೀದಿ ತೆರಿಗೆ ಕೇಳಿತು. ಇದು ಕಾನೂನಿನ ಒತ್ತಾಯ, ಮಾರಾಟ ಹೇಗಾಗುತ್ತದೆ ಎಂದು ಮಂಡಳಿ ವಾದಿಸಿತು. 1988ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಪರ ತೀರ್ಪು ಕೊಟ್ಟಿತು. ತೆರಿಗೆ ಕಟ್ಟಬೇಕಾದದ್ದು ಮಂಡಳಿ. ಪೂಲ್‌ನ ಖರ್ಚು ಕಳೆದು ಉಳಿದದ್ದಷ್ಟೇ ಬೆಳೆಗಾರನ ಪಾಲಾದ್ದರಿಂದ ಅದರ ಭಾರ ಯಾರ ಹೆಗಲಿಗೆ ಬರುವಂಥದ್ದು ಎಂದು ಬಿಡಿಸಿ ಹೇಳಬೇಕಿಲ್ಲ. ಅವನ ಹೆಸರಿಗೆ ನೋಟಿಸ್ ಬರಲಿಲ್ಲ, ಹಾಗಾಗಿ ಅದು ಚುನಾವಣೆಯ ವಿಷಯವೂ ಆಗಲಿಲ್ಲ.

ಕಡಿತವೇ ಕೊಡುಗೆ

ಅಮೆರಿಕದ ಕಥೆಗೆ ಬರೋಣ. 1970ರ ದಶಕದವರೆಗೆ ಅಲ್ಲಿನ ಬಲಪಂಥೀಯರ ಹೆಸರು ಜಿಪುಣರೆಂದು. ಖರ್ಚು ಕಡಿಮೆ ಮಾಡಿ, ಬಜೆಟ್ ಸರಿದೂಗಿಸಿ ಎನ್ನುವುದೇ ಅವರ ಪಾಠ. ಡೆಮಾಕ್ರಟರು ಪಿಂಚಣಿ, ಆರೋಗ್ಯ ವಿಮೆ ಎಂದು ಕೊಡುಗೆ ಹಂಚಿ ಗೆಲ್ಲುತ್ತಿದ್ದರು. 1976ರಲ್ಲಿ ಜೂಡ್ ವಾನಿಸ್ಕಿ ಎಂಬ ಪತ್ರಕರ್ತ ತನ್ನವರಿಗೆ ಬುದ್ಧಿ ಹೇಳಿದ. ಅವರು ಖರ್ಚಿನ ಸಾಂತಾ ಕ್ಲಾಸ್ ಆಗಿದ್ದಾರೆ, ನಾವು ತೆರಿಗೆ ಕಡಿತದ ಸಾಂತಾ ಕ್ಲಾಸ್ ಆಗಬೇಕು, ಬಜೆಟ್ ಸರಿದೂಗಿಸುವ ಕಹಿ ಕೆಲಸ ನಮಗೇಕೆ ಎಂಬುದು ಅವನ ವಾದದ ಸಾರ. ಇದಕ್ಕೆ ಅರ್ಥಶಾಸ್ತ್ರದ ಬೆಂಬಲ ಒದಗಿಸಿದವರು ಆರ್ಥರ್ ಲಾಫರ್. ದರ ತೀರಾ ಹೆಚ್ಚಿದ್ದರೆ ಇಳಿಸಿದಾಗ ವಸೂಲಿ ಹೆಚ್ಚುತ್ತದೆ ಎಂದು ಅವರ ವಾದ.

1978ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಮತದಾರರು ‘13ನೇ ಪ್ರಸ್ತಾವ’ವನ್ನು ಮೂರನೇ ಎರಡಕ್ಕೆ ಹತ್ತಿರದ ಬಹುಮತದಿಂದ ಒಪ್ಪಿಕೊಂಡಾಗ ರಾಜಕಾರಣಿಗಳಿಗೆ ಈ ಪಾಠದ ಬೆಲೆ ತಿಳಿಯಿತು. ಮನೆ, ಜಮೀನಿನ ತೆರಿಗೆ ಮೌಲ್ಯದ ಶೇ 1ನ್ನು ಮೀರಬಾರದು, ಆ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಬಾರದು ಎಂಬ ಕಟ್ಟು ಅದು. ಮನೆಯ ಬೆಲೆ ಏರಿದಂತೆ ತೆರಿಗೆಯ ಬಿಲ್ಲೂ ಏರಿ ನಿವೃತ್ತರು ಕಂಗೆಟ್ಟಿದ್ದು ನಿಜ. ಆದರೆ ಅದೇ ಕಟ್ಟು ದೊಡ್ಡ ಕಂಪನಿಗಳ ಕಟ್ಟಡಗಳಿಗೂ ಅನ್ವಯಿಸಿತು. ಇದರಿಂದ ಬೊಕ್ಕಸಕ್ಕಾದ ಕೊರತೆಯನ್ನು ಶಾಲೆಗಳು, ಸ್ಥಳೀಯ ಸಂಸ್ಥೆಗಳು ಅನುಭವಿಸಿದವು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಸರಣಿ. 1981ರಲ್ಲಿ ಅಧ್ಯಕ್ಷ ರೇಗನ್ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 70ರಿಂದ 50ಕ್ಕೆ ತಂದರು, 1986ರ ಕಾಯ್ದೆ ಅದನ್ನು 28ಕ್ಕೆ ಇಳಿಸಿತು. ಅದೇ ವರ್ಷ ಗ್ರೋವರ್ ನಾರ್ಕ್ವಿಸ್ಟ್ ಎಂಬ ಸಂಘಟಕ, ಯಾವ ಕಾರಣಕ್ಕೂ ಆದಾಯ ತೆರಿಗೆ ಏರಿಸುವುದಿಲ್ಲ ಎಂಬ ಪ್ರತಿಜ್ಞಾಪತ್ರಕ್ಕೆ ಅಭ್ಯರ್ಥಿಗಳಿಂದ ಸಹಿ ಹಾಕಿಸತೊಡಗಿದರು. 1988ರಲ್ಲಿ ಹೊಸ ತೆರಿಗೆ ಇಲ್ಲ ಎಂದು ಸಾರಿ ಗೆದ್ದ ಹಿರಿಯ ಬುಷ್ 1990ರಲ್ಲಿ ತೆರಿಗೆ ಏರಿಸಿ 1992ರಲ್ಲಿ ಸೋತರು. ಅಲ್ಲಿಂದ ರಿಪಬ್ಲಿಕನ್ ಪಕ್ಷದಲ್ಲಿ ಕಾಣುವ ತೆರಿಗೆಯನ್ನು ಏರಿಸುವ ಧೈರ್ಯ ಯಾರಿಗೂ ಉಳಿಯಲಿಲ್ಲ.

2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಬೃಹತ್ ತೆರಿಗೆ ಕಾಯ್ದೆ ಈ ಜಾಣ್ಮೆಯ ತುದಿ. ಅದರಲ್ಲಿ ಯಾವುದು ಯಾವಾಗ ಶುರು, ಯಾವಾಗ ಮುಕ್ತಾಯ ಎಂದು ನೋಡಿದರೆ ಸಾಕು. 2024ರ ಪ್ರಚಾರದಲ್ಲಿ ಹೋಟೆಲ್ ಮಾಣಿಗಳಿಗೆ ಮಾತು ಕೊಟ್ಟಿದ್ದ ‘ಟಿಪ್ಸ್‌ಗೆ ತೆರಿಗೆ ಇಲ್ಲ’ ಎಂಬ ರಿಯಾಯಿತಿ 2025ರಿಂದಲೇ ಜಾರಿ, 2028ಕ್ಕೆ ಮುಕ್ತಾಯ. ಆದಾಯ ತೆರಿಗೆಯ ಇಳಿಸಿದ ದರಗಳು ಕಾಯಂ. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್ ಪಡೆಯಲು ದುಡಿಯುತ್ತಿರುವುದನ್ನು ತೋರಿಸಬೇಕೆಂಬ ಕಠಿಣ ಷರತ್ತು ದೇಶದಾದ್ಯಂತ ಬರುವುದು 2027ರ ಆರಂಭಕ್ಕೆ. ಮಧ್ಯಾವಧಿ ಚುನಾವಣೆ ನಿಗದಿಯಾಗಿರುವುದು 2026ರ ನವೆಂಬರ್ 3ಕ್ಕೆ. ಸಿಹಿ ಮತದಾನಕ್ಕೆ ಮೊದಲು, ಕಹಿ ಆಮೇಲೆ. ಹತ್ತು ವರ್ಷದಲ್ಲಿ ಈ ಕಾಯ್ದೆ ಕೊರತೆಗೆ ಸುಮಾರು 3.4 ಲಕ್ಷ ಕೋಟಿ ಡಾಲರ್ ಸೇರಿಸುತ್ತದೆ ಎಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯೇ ಅಂದಾಜಿಸಿದೆ.

ಮಕ್ಕಳು ಅಮೆರಿಕದಲ್ಲಿರುವ ಮಲೆನಾಡಿನ ಮನೆಗಳಿಗೂ ಈ ಕಾಯ್ದೆಯ ಬಿಸಿ ಕೆಲವು ವಾರ ತಟ್ಟಿತ್ತು. ವಿದೇಶಿಯರು ಊರಿಗೆ ಕಳಿಸುವ ಹಣದ ಮೇಲೆ ಮೊದಲು ಶೇ 5, ಆಮೇಲೆ 3.5 ಎಂದಿದ್ದ ತೆರಿಗೆ ಕೊನೆಗೆ ಶೇ 1ಕ್ಕೆ ಇಳಿದು, ನಗದು ಕೊಟ್ಟು ಕಳಿಸುವವರಿಗಷ್ಟೇ ಸೀಮಿತವಾಯಿತು. ಬ್ಯಾಂಕ್ ಖಾತೆಯಿಂದ ಕಳಿಸುವ ಎಂಜಿನಿಯರ್ ಪಾರಾದ, ಕೈಯಲ್ಲಿ ನೋಟು ಹಿಡಿದು ಸಾಲಿನಲ್ಲಿ ನಿಲ್ಲುವ ಕೂಲಿಗೆ ಅದು ಉಳಿಯಿತು.

ಕಾಫಿಯನ್ನು ಬಿಟ್ಟು ಉಳಿದದ್ದನ್ನು ಉಳಿಸಿಕೊಳ್ಳುವುದು

ಆದಾಯ ತೆರಿಗೆ ಇಳಿಸಿದವರು ಇನ್ನೊಂದು ಕೈಯಲ್ಲಿ ಸುಂಕ ಏರಿಸಿದರು. ಸುಂಕವೂ ತೆರಿಗೆಯೇ. ಬಂದರಿನಲ್ಲಿ ಆಮದುದಾರ ಕಟ್ಟುವುದರಿಂದ ಮತದಾರನಿಗೆ ಅದು ತೆರಿಗೆಯಂತೆ ಕಾಣುವುದಿಲ್ಲ. ಮಳೆಗಾಲದ ತೋಟದಲ್ಲಿ ಜಿಗಣೆ ಹತ್ತಿದ್ದು ತಿಳಿಯುವುದು ರಕ್ತ ಕಂಡ ಮೇಲೆಯೇ. ಅಮೆರಿಕನ್ನರಿಗೆ ಆ ರಕ್ತ ಕಂಡದ್ದು ಕಾಫಿ ಬಟ್ಟಲಿನಲ್ಲಿ.

ಹವಾಯಿ, ಪೋರ್ಟೊ ರಿಕೊ ಬಿಟ್ಟರೆ ಆ ದೇಶದಲ್ಲಿ ಹೇಳಿಕೊಳ್ಳುವಂಥ ಕಾಫಿ ಬೆಳೆ ಇಲ್ಲ. ಸುಂಕದಿಂದ ರಕ್ಷಿಸಬೇಕಾದ ಬೆಳೆಗಾರನೇ ಇಲ್ಲದ ಪದಾರ್ಥ ಅದು. ಇದನ್ನು ಅಲ್ಲಿನ ರಿಪಬ್ಲಿಕನ್ನರು ಒಂದೂವರೆ ಶತಮಾನದ ಹಿಂದೆಯೇ ಬಲ್ಲವರಾಗಿದ್ದರು. ಅಂತರ್ಯುದ್ಧದ ಕಾಲದಲ್ಲಿ ಕಾಫಿಯ ಮೇಲೆ ಪೌಂಡಿಗೆ 5 ಸೆಂಟ್‌ವರೆಗೆ ಏರಿದ್ದ ಸುಂಕವನ್ನು 1870ರಲ್ಲಿ 3ಕ್ಕೆ ಇಳಿಸಿ, 1872ರಲ್ಲಿ ಪೂರ್ತಿ ತೆಗೆದರು. 1872 ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಅವರ ಮರು ಆಯ್ಕೆಯ ವರ್ಷ. ಬೊಕ್ಕಸ ತುಂಬಿತ್ತು, ಸುಂಕ ಇಳಿಸಿ ಎಂಬ ಕೂಗಿತ್ತು. ಕಬ್ಬಿಣ, ಉಣ್ಣೆಯ ಸುಂಕ ಇಳಿಸಿದರೆ ಕಾರ್ಖಾನೆ ಮಾಲೀಕರು ಮುನಿಯುತ್ತಾರೆ. ಹಾಗಾಗಿ ಟೀ, ಕಾಫಿಗೆ ಬಿಡುಗಡೆ ಕೊಟ್ಟರು. ಬಡವನ ಬೆಳಗಿನ ಮೇಜು ತೆರಿಗೆಮುಕ್ತ ಎಂದು ಹೇಳಿಕೊಂಡಂತೆಯೂ ಆಯಿತು, ಕೈಗಾರಿಕೆಗಳ ಸುಂಕದ ಗೋಡೆ ಉಳಿದಂತೆಯೂ ಆಯಿತು.

1890ರಲ್ಲಿ ರಿಪಬ್ಲಿಕನ್ ಸಂಸದ ವಿಲಿಯಂ ಮ್ಯಾಕಿನ್ಲಿ ಹೆಸರಿನ ಸುಂಕದ ಕಾಯ್ದೆ ಬಂತು. ಕಾಫಿ ಉಚಿತ ಪಟ್ಟಿಯಲ್ಲೇ ಇತ್ತು, ಆದರೆ ಅಮೆರಿಕದ ಸರಕಿಗೆ ನ್ಯಾಯವಾದ ಅವಕಾಶ ಕೊಡದ ದೇಶದ ಕಾಫಿ, ಟೀ, ಸಕ್ಕರೆಗೆ ಅಧ್ಯಕ್ಷರು ಸುಂಕ ಹಾಕಬಹುದು ಎಂಬ ಅಸ್ತ್ರ ಅದರಲ್ಲಿತ್ತು. ಅಕ್ಟೋಬರ್‌ನಲ್ಲಿ ಕಾಯ್ದೆ, ನವೆಂಬರ್‌ನಲ್ಲಿ ಮತದಾನ. ವಿರೋಧಿಗಳು ಊರೂರಿಗೆ ತಗಡಿನ ಪಾತ್ರೆ ಮಾರುವವರನ್ನು ಕಳಿಸಿ, ದುಪ್ಪಟ್ಟು ಬೆಲೆ ಹೇಳಿಸಿ, ಇದೆಲ್ಲ ಮ್ಯಾಕಿನ್ಲಿ ಸುಂಕದಿಂದ ಎನ್ನಿಸಿದರು ಎಂಬ ಕಥೆ ಇವತ್ತಿಗೂ ಚಾಲ್ತಿಯಲ್ಲಿದೆ. ಮ್ಯಾಕಿನ್ಲಿಯ ಕ್ಷೇತ್ರದ ಗಡಿಯನ್ನೂ ಬದಲಿಸಿದ್ದರು. ರಿಪಬ್ಲಿಕನ್ನರು ಕೆಳಮನೆಯಲ್ಲಿ ನೆಲಕಚ್ಚಿದರು, ಮ್ಯಾಕಿನ್ಲಿಯೇ ಸೋತರು.

ಟ್ರಂಪ್ ತಮ್ಮ ಆದರ್ಶವೆಂದು ಹೇಳಿಕೊಳ್ಳುವುದು ಇದೇ ಮ್ಯಾಕಿನ್ಲಿಯನ್ನು. 2025ರ ಏಪ್ರಿಲ್‌ನಲ್ಲಿ ಬಹುತೇಕ ಎಲ್ಲ ದೇಶಗಳ ಮೇಲೆ ಪ್ರತಿಸುಂಕ ಘೋಷಿಸಿದಾಗ ಕಾಫಿಯನ್ನು ಅವರು ಹೊರಗಿಡಲಿಲ್ಲ. ಆಗಸ್ಟ್‌ನಲ್ಲಿ ಬ್ರೆಜಿಲ್‌ಗೂ ಭಾರತಕ್ಕೂ ಸುಂಕ ಶೇ 50 ಮುಟ್ಟಿತು. ಬ್ರೆಜಿಲ್‌ನ ಬರದಿಂದ ನ್ಯೂಯಾರ್ಕ್ ವಾಯಿದಾ ಮಾರುಕಟ್ಟೆಯಾದ ಟರ್ಮಿನಲ್‌ನಲ್ಲಿ ಅರೇಬಿಕಾ ಬೆಲೆ ಆ ವರ್ಷದ ಫೆಬ್ರುವರಿಯಲ್ಲೇ ಪೌಂಡಿಗೆ 4 ಡಾಲರ್ ದಾಟಿತ್ತು. ಅದರ ಮೇಲೆ ಸುಂಕ. ಸೆಪ್ಟೆಂಬರ್ ಹೊತ್ತಿಗೆ ಅಮೆರಿಕದ ಅಂಗಡಿಗಳಲ್ಲಿ ಕಾಫಿ ಬೆಲೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ 19ರಷ್ಟು ಏರಿತು. ನವೆಂಬರ್ 4ರಂದು ವರ್ಜೀನಿಯಾ, ನ್ಯೂಜೆರ್ಸಿಯ ಗವರ್ನರ್ ಚುನಾವಣೆ, ನ್ಯೂಯಾರ್ಕ್ ಮೇಯರ್ ಚುನಾವಣೆ ಮೂರನ್ನೂ ಡೆಮಾಕ್ರಟರು ಬೆಲೆಯೇರಿಕೆಯ ಮಾತಾಡಿಯೇ ಗೆದ್ದರು. ಹತ್ತು ದಿನ ಕಳೆದಿತ್ತಷ್ಟೇ. ನವೆಂಬರ್ 14ರಂದು ಕಾಫಿ, ಟೀ, ಬಾಳೆಹಣ್ಣು, ದನದ ಮಾಂಸ ಮುಂತಾದವನ್ನು ಪ್ರತಿಸುಂಕದಿಂದ ಹೊರಗಿಡುವ ಆದೇಶ ಬಂತು. ಸಾವಿರಾರು ಸರಕುಗಳ ಸುಂಕ ಹಾಗೇ ಇತ್ತು. ಬೆಳಗಿನ ಮೇಜಿಗೆ ಬರುವಂಥ ಪದಾರ್ಥಗಳಿಗೆ ಬಿಡುಗಡೆ ಸಿಕ್ಕಿತು. 1872ರ ಉಪಾಯ 153 ವರ್ಷದ ನಂತರವೂ ಹಳತಾಗಿರಲಿಲ್ಲ.

ನಮ್ಮ ಕಾಫಿ ಹೆಚ್ಚಾಗಿ ಹೋಗುವುದು ಯುರೋಪಿಗೆ. ಇಟಲಿ, ಜರ್ಮನಿ, ಬೆಲ್ಜಿಯಂ, ಪಕ್ಕದ ರಷ್ಯಾ. ಹಾಗೆಂದು ಅಮೆರಿಕದ ನಿರ್ಧಾರ ಕಳಸದ ಕಣಕ್ಕೆ ಮುಟ್ಟುವುದಿಲ್ಲ ಎನ್ನುವಂತಿಲ್ಲ. ಅರೇಬಿಕಾ ದರ ನಿರ್ಧಾರವಾಗುವುದು ನ್ಯೂಯಾರ್ಕ್‌ನಲ್ಲಿ, ರೋಬಸ್ಟಾದ್ದು ಲಂಡನ್‌ನಲ್ಲಿ. ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಟರ್ಮಿನಲ್ ನೋಡದೆ ಮೂಟೆ ಬಿಡುವ ಬೆಳೆಗಾರ ಈಗ ಅಪರೂಪ.

1989ರ ಪೆಟ್ಟು

ಅಮೆರಿಕದ ರಾಜಕಾರಣ ಈ ಗುಡ್ಡಗಳನ್ನು ಇದಕ್ಕಿಂತ ಜೋರಾಗಿ ತಟ್ಟಿದ್ದು 1989ರಲ್ಲಿ. ಕ್ಯೂಬಾ ಕ್ರಾಂತಿಯ ಭಯದಲ್ಲಿ, ಲ್ಯಾಟಿನ್ ಅಮೆರಿಕದ ಬೆಳೆಗಾರರು ಕಮ್ಯುನಿಸ್ಟರ ಕಡೆ ವಾಲದಿರಲೆಂದು ಕೆನಡಿ ಸರ್ಕಾರ 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದಕ್ಕೆ ಸೇರಿತ್ತು. ರಫ್ತಿಗೆ ದೇಶವಾರು ಕೋಟಾ ನಿಗದಿಯಾಗಿ ಬೆಲೆ ಒಂದು ಮಟ್ಟದಲ್ಲಿ ನಿಂತಿತು. ಮಾರುಕಟ್ಟೆಯೇ ದೇವರು ಎಂದು ನಂಬಿದ ರೇಗನ್ ಕಾಲಕ್ಕೆ ಆ ಆಸಕ್ತಿ ಕರಗಿತು, ಶೀತಲ ಸಮರವೂ ಮುಗಿಯುತ್ತ ಬಂತು. 1989ರ ಜುಲೈ 4ರಂದು ಕೋಟಾ ವ್ಯವಸ್ಥೆ ಕುಸಿಯಿತು, ಬೆಲೆಯೂ ಕುಸಿಯಿತು. ಎರಡೇ ವರ್ಷದಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೂ ಇಲ್ಲವಾಯಿತು. 1992ರಿಂದ ಹಂತ ಹಂತವಾಗಿ ಸಡಿಲವಾದ ಪೂಲ್ 1996ಕ್ಕೆ ಪೂರ್ತಿ ಮುಗಿಯಿತು. ಬೆಳೆಗಾರ ತನ್ನ ಬೆಳೆಯ ಒಡೆಯನಾದ, ಹಾಗೆಯೇ ಬೆಲೆಯ ಏರಿಳಿತಕ್ಕೆ ಒಬ್ಬನೇ ಎದೆಯೊಡ್ಡಿದ. 2001–02ರ ಕುಸಿತದಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟವರ ಮಾತು ಇಲ್ಲಿ ಇನ್ನೂ ಕೇಳಸಿಗುತ್ತದೆ.

ಡೀಸೆಲ್ ಕ್ಯಾನು

“ನಿಮ್ಗೆ ಟ್ಯಾಕ್ಸಿನ ತಲೆಬಿಸಿ ಇಲ್ವಲ್ಲ ಗೌಡ್ರೇ” ಎಂದು ಕಳಸದ ಕಡೆಯ ಬೆಳೆಗಾರರೊಬ್ಬರನ್ನು ಕೇಳಿದೆ. ಅವರು ಕಣದ ಮೂಲೆಯಲ್ಲಿದ್ದ ಡೀಸೆಲ್ ಕ್ಯಾನು ತೋರಿಸಿದರು. “ಹೂವಿನ ಮಳೆ ಕೈಕೊಟ್ರೆ ಸ್ಪ್ರಿಂಕ್ಲರಿಗೆ ಇದು, ಪಲ್ಪರಿಗೆ ಇದು, ಆಳು ಕರ್ಕೊಂಡು ಬರೋ ಪಿಕಪ್ಪಿಗೂ ಇದು. ಇದ್ರಲ್ಲಿ ಎಷ್ಟು ಟ್ಯಾಕ್ಸ್ ಐತೆ ನೀವೇ ಲೆಕ್ಕ ಹಾಕಿ ಹೇಳಿ ಸಾರ್.”

ಲೆಕ್ಕ ಹಾಕಿದರೆ ಚುನಾವಣೆಯ ಪಂಚಾಂಗವೇ ಸಿಗುತ್ತದೆ. 2021ರ ನವೆಂಬರ್ 2ರಂದು ಉಪಚುನಾವಣೆಗಳ ಫಲಿತಾಂಶ ಬಂತು. ಬಿಜೆಪಿ ಸಿಂದಗಿ ಗೆದ್ದರೂ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಜಿಲ್ಲೆಯ ಹಾನಗಲ್ ಸೋತಿತ್ತು, ಹಿಮಾಚಲದಲ್ಲೂ ಪೆಟ್ಟು ತಿಂದಿತ್ತು. ಮರುದಿನವೇ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲಿನ ಅಬಕಾರಿ ಸುಂಕವನ್ನು 5 ರೂಪಾಯಿ, ಡೀಸೆಲ್ ಮೇಲಿನದನ್ನು 10 ರೂಪಾಯಿ ಇಳಿಸಿತು. ರಾಜ್ಯ ಸರ್ಕಾರ ತನ್ನ ಕಡೆಯಿಂದ 7 ರೂಪಾಯಿ ಇಳಿಸಿತು. 2024ರ ಲೋಕಸಭಾ ಚುನಾವಣೆ ಮುಗಿದು ಜೂನ್ 4ರಂದು ಫಲಿತಾಂಶ ಬಂತು. ಜೂನ್ 15ರಂದು ರಾಜ್ಯದ ಕಾಂಗ್ರೆಸ್ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ 18.44ಕ್ಕೆ ಏರಿಸಿತು. 2025ರ ಫೆಬ್ರುವರಿ 1ರ ಕೇಂದ್ರ ಬಜೆಟ್ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದಿತು. ಸಂಬಳದಾರರೇ ಹೆಚ್ಚಿರುವ ದೆಹಲಿಯಲ್ಲಿ ಮತದಾನ ನಡೆದದ್ದು ಫೆಬ್ರುವರಿ 5ಕ್ಕೆ. ಪಕ್ಷ ಯಾವುದಾದರೂ ಆಗಲಿ, ಇಳಿಕೆ ಮತಕ್ಕೆ ಮೊದಲು ಅಥವಾ ಸೋಲಿನ ಮರುದಿನ, ಏರಿಕೆ ಮತದಾನ ಮುಗಿದ ಮೇಲೆ.

ಮತದಾರ ಇದನ್ನು ಅರಿಯದವನಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ಕ್ಷೇತ್ರ ಕಾಂಗ್ರೆಸ್ ಪಾಲಾದವು. ಮರುವರ್ಷವೇ ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿ ಗೆದ್ದರು. ಇಲ್ಲಿನ ಧಾರ್ಮಿಕ ಸ್ಥಳವಾದ ದತ್ತಪೀಠದ ವಿವಾದ ದಶಕಗಳ ಕಾಲ ಬಲಪಂಥಕ್ಕೆ ಇಲ್ಲಿ ಬಲ ತಂದದ್ದು ನಿಜ. ಅಮೆರಿಕದಲ್ಲಿ ಧರ್ಮದ ಪ್ರಶ್ನೆಗಳನ್ನೂ ತೆರಿಗೆ ಕಡಿತವನ್ನೂ ಒಂದೇ ಗಾಡಿಗೆ ಹೂಡಿದ ಹಾಗೆ ಇಲ್ಲಿ ಯಾರೂ ಹೂಡಿಲ್ಲ. ಅದರ ಅಗತ್ಯವೂ ಬಿದ್ದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಬೇಡ ಎಂಬುದರಲ್ಲಿ ಎಲ್ಲ ಪಕ್ಷಗಳಿಗೂ ಒಮ್ಮತವಿದೆ.

ಕೇಳಬೇಕಾದದ್ದು

ವಿನಾಯಿತಿ ಬೇಡ ಎಂಬುದು ಈ ಬರಹದ ವಾದವಲ್ಲ. ಎರಡು ಎಕರೆ ರೋಬಸ್ಟಾ ಇಟ್ಟುಕೊಂಡವನ ಹತ್ತಿರ ಆದಾಯ ತೆರಿಗೆ ಕೇಳುವುದು ನ್ಯಾಯವೂ ಅಲ್ಲ, ಲಾಭವೂ ಇಲ್ಲ. ಆದರೆ ಅದೇ ವಿನಾಯಿತಿ ನೂರಾರು ಎಕರೆಯ ಎಸ್ಟೇಟಿಗೂ ಅಷ್ಟೇ ಧಾರಾಳವಾಗಿ ಸಿಗುತ್ತದೆ, ಡೀಸೆಲ್ ತೆರಿಗೆ ಮಾತ್ರ ಇಬ್ಬರಿಗೂ ಲೀಟರಿಗೆ ಒಂದೇ. ಕ್ಯಾಲಿಫೋರ್ನಿಯಾದ ನಿವೃತ್ತರ ಹೆಸರಿನಲ್ಲಿ ಬಂದ ಕಟ್ಟು ಕಂಪನಿಗಳನ್ನು ಕಾಪಾಡಿದ್ದೂ ಇದೇ ರೀತಿ. ಸಣ್ಣವನನ್ನು ಮುಂದೆ ನಿಲ್ಲಿಸಿ ದೊಡ್ಡವನು ನೆರಳು ಪಡೆಯುವುದು ತೆರಿಗೆ ರಾಜಕಾರಣದ ಹಳೆಯ ಚಾಳಿ.

ವಿನಾಯಿತಿಗೆ ಇನ್ನೊಂದು ಬೆಲೆ ಇದೆ. ಕಾಣುವ ತೆರಿಗೆ ಕೊಡದವನಿಗೆ ಸರ್ಕಾರ ಹೊಣೆ ಹೊರುವುದಿಲ್ಲ, ದಯೆ ತೋರಿಸುತ್ತದೆ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ, ತೋಟ ಹೋದಾಗ ಜನ ಎದುರು ನೋಡಿದ್ದು ಪರಿಹಾರದ ಪ್ಯಾಕೇಜಿಗೆ. ಅಂಥ ಪ್ಯಾಕೇಜು ಹಕ್ಕಲ್ಲ. ಅದು ಬರಬೇಕೆಂದರೆ ಮಂತ್ರಿಗಳು ಬಂದು ನೋಡಬೇಕು, ಮನವಿ ಕೊಡಬೇಕು, ಚುನಾವಣೆ ಹತ್ತಿರವಿದ್ದರೆ ಒಳ್ಳೆಯದು.

ಹಕ್ಕಿನ ದಾರಿ ಒಮ್ಮೆ ತೆರೆದಿತ್ತು. 2003ರಲ್ಲಿ ಕೇಂದ್ರ ಸರ್ಕಾರ ಕಾಫಿ, ಟೀ, ರಬ್ಬರ್, ತಂಬಾಕಿನ ಸಣ್ಣ ಬೆಳೆಗಾರರಿಗೆಂದು 500 ಕೋಟಿ ರೂಪಾಯಿಯ ಬೆಲೆ ಸ್ಥಿರತಾ ನಿಧಿ ಮಾಡಿತು. ಬೆಲೆ ಚೆನ್ನಾಗಿದ್ದ ವರ್ಷ ಬೆಳೆಗಾರ ತನ್ನ ಖಾತೆಗೆ ಹಣ ಹಾಕಬೇಕು, ಕುಸಿದ ವರ್ಷ ಸರ್ಕಾರ ಹಾಕಬೇಕು. ಯೋಚನೆ ಸರಿಯಿತ್ತು. ಮೊತ್ತ ಮಾತ್ರ ವರ್ಷಕ್ಕೆ ಸಾವಿರ ರೂಪಾಯಿ. ಹತ್ತು ವರ್ಷಕ್ಕೆ ಅದು ಮುಚ್ಚಿತು, ಯಾರೂ ಅದಕ್ಕಾಗಿ ರಸ್ತೆ ತಡೆ ಮಾಡಲಿಲ್ಲ.

ದಾಖಲೆ ಬೆಲೆ ಕಂಡ 2025ರಂಥ ವರ್ಷದಲ್ಲಿ ದೊಡ್ಡ ತೋಟಗಳಿಂದ ಕಣದ ಬೆಲೆಯ ಒಂದು ಸಣ್ಣ ಪಾಲನ್ನು ಬೆಳೆಗಾರರದೇ ನಿಧಿಗೆ ಸೇರಿಸಿದ್ದರೆ, ಸರ್ಕಾರ ಅಷ್ಟೇ ಮೊತ್ತ ಕೂಡಿಸಿದ್ದರೆ, ಮುಂದಿನ ಕುಸಿತಕ್ಕೆ ಪ್ಯಾಕೇಜಿನ ಹಂಗು ಇರುತ್ತಿರಲಿಲ್ಲ. ಆ ಪ್ರಸ್ತಾಪ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ತಾನಾಗಿ ಬರುವುದಿಲ್ಲ, ಏಕೆಂದರೆ ಕಾಣುವ ಹಾಗೆ ಹಣ ಕೇಳುವುದು ರಾಜಕಾರಣಿಗೆ ನಷ್ಟದ ಬಾಬತ್ತು. ಅದನ್ನು ಬೆಳೆಗಾರರ ಸಂಘಗಳೇ ಕೇಳಬೇಕು. ಅಭ್ಯರ್ಥಿ ಅಂಗಳಕ್ಕೆ ಬಂದು ಇದಕ್ಕೆ ತೆರಿಗೆ ಇಲ್ಲ, ಅದಕ್ಕೆ ಸುಂಕ ಇಲ್ಲ ಎಂದಾಗ, ಕಾಫಿ ಕೊಟ್ಟು ಕೂರಿಸಿ, ಹಾಗಾದರೆ ಆ ದುಡ್ಡನ್ನು ಯಾರ ಹತ್ತಿರ, ಯಾವ ತಿಂಗಳಿನಿಂದ ವಸೂಲಿ ಮಾಡುತ್ತೀರಿ ಎಂದು ಕೇಳುವುದು ಅದರ ಮೊದಲ ಹೆಜ್ಜೆ.